ಯಾರೂ ಬ್ಯಾಡ ಅನ್ನದ ಸಿನಿಮಾ

ಸನೋಬರ್ ಆಪಾ ಸಂಬಂಧ ಕೂಡಿಸುವವರು. ಕಲಬುರಗಿಯ ಕೋಟೆಗೆ ಹತ್ತಿದ ಗಲ್ಲಿಯಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದೇ ಗೋಡೆ, ಅದೂ ತೆಳುವಾದದ್ದು. ಹೀಗಾಗಿ ಯಾವ ಓಣಿಯ ಹುಡುಗನಿಗೆ ನೌಕರಿ ಕಾಯಂ ಆಯಿತು, ಯಾವ ಹುಡುಗಿಯ ತಾಯಿಗೆ ಬಾಯಿ ಜೋರು ಎಂಬುದೆಲ್ಲ ನನಗೆ ಬೇಡವೆಂದರೂ ಗೊತ್ತಾಗುತ್ತದೆ. ನೂರು ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುವ ಗಾದೆಯನ್ನು ಯಾರಾದರೂ ಎತ್ತಿದರೆ ಆಪಾನಿಗೆ ಕೆಟ್ಟ ಸಿಟ್ಟು. "ನಾ ಸುಳ್ಳ ಹೇಳಲ್ರಿ ಟೀಚರ್. ಖರೇ ಮಾತಿಗೆ ಸ್ವಲ್ಪ ತುಪ್ಪ ಹಚ್ತೀನಿ, ಅಷ್ಟ" ಅನ್ನುತ್ತಾರೆ.

ಆ ಟೀಚರ್ ನಾನೇ. ಹೆಸರು ರಾಧಿಕಾ. ಕಮಲಾಪುರದ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ, ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಮದುವೆ ಮಾಡಿಸುವವರೆಂದರೆ ಮೂಗು ಮುರಿಯುವ ಜನ ನಮ್ಮಲ್ಲಿ ಬಹಳ. ತಮ್ಮ ಮಕ್ಕಳಿಗೆ ವಯಸ್ಸಾದ ಕೂಡಲೇ ಅದೇ ಜನ ಆಪಾನ ಬಾಗಿಲಿಗೆ ಬಂದು ನಿಲ್ಲುವುದನ್ನೂ ನಾನು ನೋಡಿದ್ದೇನೆ. ಅಂಥವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಆಪಾನಿಗೆ ಉರಿಯುವುದಿಲ್ಲ, ಅವರಿಗೂ ಕುರ್ಚಿ ಹಾಕಿ ಚಹಾ ಕೊಡುತ್ತಾರೆ.

ಅವರ ಕಸುಬಿನ ಒಂದು ರೀತಿಯನ್ನು ಮೊದಲೇ ಹೇಳಿಬಿಡಬೇಕು. ಈ ವ್ಯವಹಾರದಲ್ಲಿ ಸಂಬಂಧ ಬೇಡವಾದರೆ ಬೇಡ ಎಂದು ಯಾರೂ ಹೇಳುವುದಿಲ್ಲ. ಹೇಳಿದರೆ ಮುಖಕ್ಕೆ ಹೊಡೆದ ಹಾಗೆ. ಹುಡುಗಿ ನೋಡಲು ಬಂದವರು ಚಹಾ ಕುಡಿದು "ಇಸ್ತಿಖಾರಾ ಮಾಡಿ ತಿಳಸ್ತೀವಿ" ಅನ್ನುತ್ತಾರೆ. ಇಸ್ತಿಖಾರಾ ಎಂದರೆ ಸರಿಯಾದ ದಾರಿ ತೋರು ಎಂದು ದೇವರನ್ನು ಬೇಡಿ ಮಾಡುವ ನಮಾಜು. ಮನಸಾರೆ ಮಾಡುವವರೂ ಇದ್ದಾರೆ, ಅವರ ಮಾತು ಬೇರೆ. ಉಳಿದವರಿಂದ ಒಂದು ವಾರದ ಮೇಲೆ "ಸರಿ ಬರಲಿಲ್ಲ" ಎಂಬ ಸುದ್ದಿ ಬರುತ್ತದೆ. ದೇವರ ಮೇಲೆ ಹಾಕಿದ ಮೇಲೆ ಯಾರ ಮೇಲೆ ಸಿಟ್ಟು ಮಾಡುವುದು? ನಾಂದೇಡದ ದೊಡ್ಡ ಮಾವನನ್ನು ಕೇಳಬೇಕು ಅಂದರೂ ಬೇಡವೆಂದೇ ಅರ್ಥ. ನಮ್ಮವರೇನು ಕಡಿಮೆಯಿಲ್ಲ, ನಮ್ಮಲ್ಲಿ ಕುಂಡಲಿ ಕೂಡಿ ಬರುವುದಿಲ್ಲ. ಒಟ್ಟಿನಲ್ಲಿ ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಆಪಾ ಇಡೀ ಆಯುಷ್ಯ ಈ ಭಾಷೆಯಲ್ಲೇ ಬದುಕಿದವರು.

ಇಂಥವರು ಸಿನಿಮಾ ಬರೆಯಲು ಹೊರಟದ್ದು ಮಗಳು ಅಲ್ಫಿಯಾಳ ಬಾಯಿಂದ ಬಂದ ಒಂದು ಮಾತಿಗೆ. ಫೋನಿನಲ್ಲಿ ಯಾವುದೋ ಮದುವೆ ಮನೆಯ ಸಿನಿಮಾ ನೋಡುತ್ತ ಆಪಾ ಅದನ್ನು ಬರೆದವನಿಗೆ ಬೈಯುತ್ತಿದ್ದರು. ಬೀಗರ ಮನೆಗೆ ಬಂದವರು ಹೀಗೆಲ್ಲ ಬಾಗಿಲಲ್ಲಿ ನಿಂತು ಕೂಗಾಡುತ್ತಾರೆಯೇ ಎಂಬುದು ಅವರ ತಕರಾರು. ಆಪಾ ಓದಿದ್ದು ಕನ್ನಡ ಶಾಲೆಯಲ್ಲಿ, ಮನೆಯಲ್ಲಿ ಆಡುವುದು ದಖನಿ ಉರ್ದು, ಬೈಗುಳ ಎರಡರಲ್ಲೂ ಸರಾಗ. ಕೇಳಿ ಕೇಳಿ ಸಾಕಾದ ಅಲ್ಫಿಯಾ "ಹಂಗಾರ ನೀನ ಬರಿ ಅಮ್ಮಿ" ಅಂದಳು. ಅವಳು ಜಗತ್ ಸರ್ಕಲ್ ಹತ್ತಿರದ ಚಷ್ಮಾ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಅಂಗಡಿಯ ಮೇಲಿನ ಅಂತಸ್ತಿನಲ್ಲಿ ಹೊಸ ಬೋರ್ಡು ಬಂದಿತ್ತು: ಮಾರಾಟವಾಗುವ ಚಿತ್ರಕಥೆ ಬರೆಯಲು ಕಲಿಯಿರಿ, ಪ್ರತಿ ಭಾನುವಾರ. ಕತೆ ಮಾರಾಟವಾಗಲು ಅದೇನು ಬದನೆಕಾಯಿಯೇ ಎಂದು ನಾನು ಹಂಗಿಸಿದೆ. ಹಂಗಿಸಿದವಳೇ ಮುಂದಿನ ಭಾನುವಾರ ಆಪಾನ ಜೊತೆ ಹೋಗಿ ಹೆಸರು ಹಚ್ಚಿದೆ.

ಮೆಟ್ಟಿಲು ಹತ್ತುವಾಗ ನಾನು ಕೇಳಿದೆ, ಈ ವಯಸ್ಸಿನಲ್ಲಿ ಇದು ಯಾಕೆ ಬೇಕು ಎಂದು. ಆಪಾ ಕಂಬಿ ಹಿಡಿದು ನಿಂತು ಉತ್ತರ ಹೇಳಿದರು.

"ಮದುವಿ ಕಾರ್ಡಿನ್ಯಾಗ ಅಜ್ಜನ ಹೆಸರು ಇರ್ತದ, ಮಾವನ ಹೆಸರು ಇರ್ತದ, ಅವರ ಅಂಗಡಿ ಹೆಸರು ಸೈತ ಇರ್ತದ. ಕೂಡಿಸಿದಾಕಿ ಹೆಸರು ಯಾವ ಕಾರ್ಡಿನ್ಯಾಗೂ ಇರಲ್ಲ ಟೀಚರ್. ಸಿನಿಮಾದಾಗ ನೋಡ್ರಿ, ಚಹಾ ಕೊಟ್ಟವನ ಹೆಸರೂ ಕಡೀಕ ಬರ್ತದ. ನನ್ನ ಹೆಸರು ಒಂದ ಸಲ ಅಷ್ಟ ದೊಡ್ಡದಾಗಿ ನೋಡಬೇಕಂತ ಆಶಾ ಅದ."

ಇದಕ್ಕಿಂತ ನ್ಯಾಯವಾದ ಆಸೆಯನ್ನು ನಾನು ಯಾರ ಬಾಯಲ್ಲೂ ಕೇಳಿಲ್ಲ. ನನ್ನ ಆಸೆ ಇಷ್ಟು ಶುದ್ಧವಾಗಿರಲಿಲ್ಲ, ಅದನ್ನು ಬಿಡಿ.

ಕಲಿಸುವವರು ದೇವೀಂದ್ರಪ್ಪ ಸರ್. ಬೆಂಗಳೂರಿನಲ್ಲಿ ಧಾರಾವಾಹಿಗಳಿಗೆ ಸಂಭಾಷಣೆ ಬರೆದು ಬರೆದು ಸಾಕಾಗಿ ಊರಿಗೆ ಬಂದವರು. ಸಣ್ಣ ಧ್ವನಿ, ಆದರೆ ಮಾತಿನಲ್ಲಿ ಮುಲಾಜಿಲ್ಲ. ಮೊದಲ ದಿನವೇ ಅವರು ಹೇಳಿದ್ದು ಎರಡು ಪ್ರಶ್ನೆ. "ಯಾರಿಗೆ ಏನ ಬೇಕು? ಅದಕ್ಕ ಯಾರು ಅಡ್ಡ ಬರ್ತಾರ? ಈ ಎರಡು ಗೊತ್ತಿದ್ರ ಸಿನಿಮಾ ಅದ. ಇಲ್ಲಂದ್ರ ಬರೇ ಕ್ಯಾಮೆರಾ ಅದ." ನಾನು ಒಬ್ಬ ಮುದುಕಿ ಹಾಳುಬಾವಿಯನ್ನು ನೋಡುತ್ತ ಕೂಡುವ ಕತೆಯನ್ನು ಬಹಳ ಭಾವವಿಟ್ಟು ಓದಿದೆ. ಸರ್ ಕೊನೆಯವರೆಗೆ ಕೇಳಿ, "ಮೇಡಮ್ಮಾರ, ಆಕಿ ಬಾವ್ಯಾಗ ಬೀಳ್ತಾಳೇನ್ರಿ?" ಅಂದರು. ಇಲ್ಲ ಅಂದೆ. "ಹಂಗಾರ ಟಿಕೀಟ್ ಯಾರ್ ತಗೋತಾರ?" ಅಂದರು. ಕ್ಲಾಸು ನಕ್ಕಿತು. ಅಲ್ಲಿಗೆ ನನ್ನ ಸಿನಿಮಾ ಮುಗಿಯಿತು, ಆಮೇಲೆ ನಾನು ಹೋದದ್ದು ಆಪಾನ ಜೊತೆಗೆಂದು.

ಆಪಾನ ಮೊದಲ ಚಿತ್ರಕಥೆ ಹೀಗಿತ್ತು. ಕಲಬುರಗಿಯ ಹುಡುಗ, ಕಮಲಾಪುರದ ಹುಡುಗಿ. ಹುಡುಗನ ತಂದೆಗೆ ಸಂಬಂಧ ಒಪ್ಪಿಗೆಯಿಲ್ಲ. ಎರಡನೆಯ ಸೀನಿನಲ್ಲಿ ಒಬ್ಬ ಹಿರಿಯ ಹೆಂಗಸು ಬಂದು ತಂದೆಗೆ ತಿಳಿಹೇಳುತ್ತಾಳೆ, ಅವನ ಸಿಟ್ಟು ಇಳಿಯುತ್ತದೆ. ಮೂರನೆಯ ಸೀನು ಮದುವೆ. ಇನ್ನೂ ಅಷ್ಟು ಸಿನಿಮಾ ಉಳಿದಿದೆಯಲ್ಲ, ಆಪಾ ಹುಡುಗನ ತಮ್ಮನಿಗೂ ಮದುವೆ ಮಾಡಿದರು. ಆಮೇಲೆ ಹುಡುಗಿಯ ತಂಗಿಗೆ. ಇಂಟರ್ವಲ್ ಹೊತ್ತಿಗೆ ಆ ಎರಡು ಊರುಗಳಲ್ಲಿ ಲಗ್ನವಾಗದವರು ಯಾರೂ ಉಳಿದಿರಲಿಲ್ಲ.

"ಆಪಾ, ಇದು ಸಿನಿಮಾ ಅಲ್ರಿ, ಮದುವಿ ಆಲ್ಬಮ್" ಅಂದರು ಸರ್. "ಜಗಳ ಹುಟ್ಟಿದ ಕೂಡಲೇ ಆ ಹೆಣ್ಮಗಳು ಬಂದು ಮುರದುಬಿಡ್ತಾಳ. ಆಕಿ ಯಾರು?"

"ನಾನ ರೀ."

"ಒಂದ್ ಎರಡ ತಾಸು ಊರು ಬಿಟ್ಟು ಹೋಗ್ರಿ ನೀವು. ಅವರು ಜಗಳಾಡ್ಲಿ."

ಆಪಾನಿಗೆ ಇದು ಬಹಳ ಕಷ್ಟದ ಪಾಠ. ಜಗಳವನ್ನು ರಾತ್ರಿಗೆ ಉಳಿಸಿದರೆ ಬೆಳಿಗ್ಗೆ ಅದಕ್ಕೆ ಕೊಂಬು ಬಂದಿರುತ್ತದೆ ಎಂದು ನಂಬಿದವರು ಅವರು. ಆದರೂ ಬಿಡಲಿಲ್ಲ. ಮನೆಯ ಕಟ್ಟೆಯ ಮೇಲೆ ಕೂತು ಅವರು ಹೇಳುವುದು, ಅಲ್ಫಿಯಾ ಫೋನಿನಲ್ಲಿ ಬೆರಳಾಡಿಸಿ ಬರೆದುಕೊಳ್ಳುವುದು. ಈ ಸಲ ಅವರು ದೂರ ಹೋಗಲಿಲ್ಲ, ತಮ್ಮ ಮನೆಯನ್ನೇ ಬರೆದರು. ಒಬ್ಬಳು ತಾಯಿ, ಊರಿಗೆಲ್ಲ ಮದುವೆ ಮಾಡಿಸುತ್ತಾಳೆ, ತನ್ನ ಮಗಳಿಗೆ ಮಾತ್ರ ಕೂಡಿ ಬರುವುದಿಲ್ಲ. ದೀಪದ ಕೆಳಗೆ ಕತ್ತಲೆ. ಮಗಳು ಎತ್ತರದವಳು, ನೋಡಲು ಬರುವ ಹುಡುಗರೆಲ್ಲ ಅವಳ ಕಿವಿಯವರೆಗೆ ಬರುತ್ತಾರೆ. ಅಲ್ಫಿಯಾಳನ್ನು ನೋಡಿದ ಯಾರಿಗೂ ಇದು ಕಟ್ಟುಕತೆಯಲ್ಲವೆಂದು ಗೊತ್ತಾಗುತ್ತದೆ. ಅವಳು ಮಾತ್ರ ತಲೆಯೆತ್ತದೆ, ಒಂದು ಅಕ್ಷರ ಆಚೀಚೆ ಮಾಡದೆ ಎಲ್ಲವನ್ನೂ ಬರೆದುಕೊಂಡಳು.

ಇದನ್ನು ಕ್ಲಾಸಿನಲ್ಲಿ ಓದಿದಾಗ ಒಂದು ವಿಚಿತ್ರ ನಡೆಯಿತು. ಬಂದವರು ಚಹಾ ಕುಡಿದು, ನಾಂದೇಡದ ಮಾವನನ್ನು ಕೇಳುತ್ತೇವೆ ಎಂದು ಹೋಗುತ್ತಾರೆ. ಮುಂದಿನ ಸೀನಿನಲ್ಲಿ ತಾಯಿ ಒಳಗೆ ಕೂತು ಅಳುತ್ತಾಳೆ. ಹಿಂದಿನ ಬೆಂಚಿನಲ್ಲಿದ್ದ ರೇವಣ, ತಾಜಸುಲ್ತಾನಪುರದಿಂದ ಬರುವವನು, ಕೈ ಎತ್ತಿದ.

"ಆಂಟಿ, ಯಾಕ ಅಳ್ಳಾಕತ್ತಾಳ ಆಕಿ?"

"ಅವರು ಬ್ಯಾಡ ಅಂದ್ರಲ್ಲ ಬೇಟಾ."

"ಎಲ್ಲಿ ಅಂದ್ರು? ಮಾವನ ಕೇಳ್ತೀವಿ ಅಂದ್ರು."

"ಅದ ಅಲ್ಲಪ್ಪ ಬ್ಯಾಡ ಅಂದ್ರ" ಅಂದರು ಆಪಾ. ಇಷ್ಟೂ ತಿಳಿಯದವರಿಗೆ ಹೇಗೆ ಹೆಣ್ಣು ಕೊಡುವುದು ಎನ್ನುವಂತೆ ಅವನನ್ನು ನೋಡಿದರು.

ರೇವಣನ ತಪ್ಪಿಲ್ಲ. ಇಡೀ ಚಿತ್ರಕಥೆಯಲ್ಲಿ ಒಬ್ಬರೂ ಬೇಡ ಅಂದಿರಲಿಲ್ಲ. ಎಲ್ಲರೂ ನಗುತ್ತ ಬಂದು ನಗುತ್ತ ಹೋಗುತ್ತಿದ್ದರು, ನಡುನಡುವೆ ತಾಯಿ ಸುಮ್ಮನೆ ಅಳುತ್ತಿದ್ದಳು. ಆಪಾನಿಗೆ ಕೊಲೆಯೇ ನಡೆದುಹೋದಂತೆ ಕಾಣುವ ಸೀನು ಬೇರೆಯವರಿಗೆ ಚಹಾ ಪಾರ್ಟಿಯಂತೆ ಕಾಣುತ್ತಿತ್ತು. ಸರ್ ಎರಡು ಕೆಲಸ ಕೊಟ್ಟರು. ಬೇಡ ಎನ್ನುವುದು ಕಣ್ಣಿಗೆ ಕಾಣಬೇಕು, ಅದು ಒಂದು. "ಎರಡನೇದ್ದು, ಇಡೀ ಸಿನಿಮಾದಾಗ ಯಾರಾದ್ರೂ ಒಬ್ಬರು, ಒಂದ ಸಲ, ಬಾಯಿಬಿಟ್ಟು ಬ್ಯಾಡ ಅನ್ನಬೇಕು. ಯಾರಂತ ನೀವ ನೋಡ್ರಿ. ಆ ಮಾತು ಬರೋ ತನಕ ಇದು ಮಾರಾಟ ಆಗಲ್ಲ ಆಪಾ."

ಮೊದಲನೆಯದನ್ನು ಆಪಾ ಖುಷಿಯಿಂದ ಮಾಡಿದರು. ಬೇಡವಾದವರು ಚಹಾವನ್ನು ಬಹಳ ಹೊಗಳುತ್ತಾರಂತೆ. ಬೇಕಾದವರು ಅಡುಗೆಮನೆಯ ಕಡೆ ಕಣ್ಣು ಹಾಯಿಸುತ್ತಾರೆ, ಬೇಡವಾದವರು ಬಾಗಿಲಲ್ಲಿ ಬಿಟ್ಟ ಚಪ್ಪಲಿಯ ಕಡೆ. ಇಂಥವು ಒಂದೊಂದೇ ಸೀನಿಗೆ ಇಳಿದವು. ಮುಂದಿನ ಭಾನುವಾರ ಬೀಗರು ಚಹಾ ಹೊಗಳುವ ಸೀನು ಓದಿದಾಗ ರೇವಣನೇ ಮೊದಲು "ಹೋತು ಸಂಬಂಧ" ಅಂದ. ಆಪಾನ ಮುಖ ನೋಡಬೇಕಿತ್ತು.

ಎರಡನೆಯದು ಮಾತ್ರ ಆಗಲೊಲ್ಲದು. ಬೇಡ ಎನ್ನುವ ಮಾತನ್ನು ಹುಡುಗನ ತಾಯಿಯ ಬಾಯಲ್ಲಿ ಇಟ್ಟು ನೋಡಿದರು. ಹಡೆದ ತಾಯಿ ಇನ್ನೊಬ್ಬರ ಮಗಳಿಗೆ ಹಾಗಂತಾಳೆಯೇ ಎಂದು ಅಳಿಸಿದರು. ಅಜ್ಜನ ಬಾಯಲ್ಲಿ ಇಟ್ಟರು, ಮುದುಕನಿಗೆ ಯಾಕೆ ಪಾಪ ಎಂದು ಅದನ್ನೂ ಅಳಿಸಿದರು. ಹುಡುಗನಿಗಂತೂ ಅವರ ಕತೆಯಲ್ಲಿ ಬಾಯಿಯೇ ಇರಲಿಲ್ಲ. "ಯಾರ ಬಾಯಾಗೂ ಹೊಂದವಲ್ದು ಟೀಚರ್" ಎಂದು ಗೋಡೆಯಾಚೆಯಿಂದ ನನ್ನ ಹತ್ತಿರ ದೂರುತ್ತಿದ್ದರು. ಮಗಳ ಬಾಯಲ್ಲಿ ಇಟ್ಟು ನೋಡಬೇಕೆಂದು ಅವರಿಗೂ ಹೊಳೆಯಲಿಲ್ಲ, ಕನ್ನಡ ಎಂ.ಎ. ಮಾಡಿದ ನನಗೂ ಹೊಳೆಯಲಿಲ್ಲ.

ಅಷ್ಟರಲ್ಲಿ ದೇವೀಂದ್ರಪ್ಪ ಸರ್ ಒಂದು ಸುದ್ದಿ ತಂದರು. ಫೋನಿನಲ್ಲಿ ನೋಡುವ ಸಣ್ಣ ಸಿನಿಮಾಗಳನ್ನು ಮಾಡುವ ಆಮಿರ್ ಎಂಬ ಹುಡುಗ ನಮ್ಮ ಕಡೆಯ ಕತೆ ಹುಡುಕುತ್ತಿದ್ದಾನೆ, ಕಮಲಾಪುರಕ್ಕೆ ಬಂದಿದ್ದಾನೆ, ಮುಂದಿನ ಭಾನುವಾರ ಕತೆ ಕೇಳುತ್ತಾನೆ. ಅವನು ಕಮಲಾಪುರದ ಮಲಂಗಸಾಬರ ತಂಗಿಯ ಮಗ, ಇಳಿದುಕೊಂಡದ್ದು ಅವರ ತೋಟದ ಮನೆಯಲ್ಲಿ. ಮಲಂಗಸಾಬರೆಂದರೆ ಕೆಂಪು ಬಾಳೆಹಣ್ಣಿನ ವ್ಯಾಪಾರದವರು, ಆ ರಸ್ತೆಯಲ್ಲಿ ಅವರನ್ನು ತಿಳಿಯದವರಿಲ್ಲ. ಹೆಸರು ಕೇಳಿದ್ದೇ ಆಪಾ ನನ್ನ ಕೈ ಹಿಡಿದುಕೊಂಡರು. ಆ ಮನೆಯ ಮಗ ಕಾಮ್ರಾನನಿಗೆ ಅಲ್ಫಿಯಾಳನ್ನು ಕೇಳಿದ್ದರು. ಹುಡುಗ ಎತ್ತರದವನು. ಅವನ ತಾಯಿ ಇಕ್ಬಾಲ್ ಬೇಗಂ ಹುಡುಗಿಯನ್ನು ಒಂದು ಮದುವೆಯಲ್ಲಿ ನೋಡಿ ಮೆಚ್ಚಿದ್ದರು, ಇಸ್ತಿಖಾರಾವೂ ಇಲ್ಲ, ನಾಂದೇಡದ ಮಾವನೂ ಇಲ್ಲ, ನೇರವಾಗಿ ಹೂಂ ಎಂದು ಹೇಳಿ ಕಳಿಸಿದ್ದರು. ಹೋಗಿ ಮಾತು ಪಕ್ಕಾ ಮಾಡುವುದು ಬಾಕಿ.

"ಸ್ವಾಮಿ ಕಾರ್ಯ, ಸ್ವಕಾರ್ಯ ಎರಡೂ ಆಗ್ತದ" ಅಂದೆ ನಾನು. ಆಪಾ ಆ ವಾರವೆಲ್ಲ ನೆಲದ ಮೇಲೆ ಕಾಲಿಡಲಿಲ್ಲ.

ಭಾನುವಾರ ಬೆಳಿಗ್ಗೆ ಬಸ್ಸು ಹಿಡಿದೆವು. ಆಪಾ, ಅಲ್ಫಿಯಾ, ದೇವೀಂದ್ರಪ್ಪ ಸರ್, ನಾನು. ಮಹಾಗಾಂವ ಕ್ರಾಸ್ ದಾಟುವವರೆಗೂ ಆಪಾ ಕತೆಯನ್ನು ಬಾಯಿಪಾಠ ಮಾಡುತ್ತಿದ್ದರು. ಸರ್ ಹಿಂದಿನ ಸೀಟಿನಿಂದ ಮೆಲ್ಲಗೆ, "ಆ ಒಂದ ಮಾತು ಸಿಕ್ಕತೇನ್ರಿ?" ಎಂದು ಕೇಳಿದರು. ಸಿಕ್ಕಿಲ್ಲ, ಆದರೆ ಮನೆಯವರ ಎದುರು ಅದನ್ನು ಹೇಗೋ ತೇಲಿಸಿಬಿಡುತ್ತೇನೆ ಅಂದರು ಆಪಾ. ಅಲ್ಫಿಯಾ ಕಿಟಕಿಯ ಪಕ್ಕ ಕೂತಿದ್ದಳು. ತಿಳಿಹಸಿರು ಚೂಡಿದಾರ, ತಾಯಿಯೇ ಆರಿಸಿದ್ದು.

ತೋಟದ ಮನೆಯ ಪಡಸಾಲೆಯಲ್ಲಿ ಜಮಖಾನೆ ಹಾಸಿದ್ದರು. ಒಂದು ಕಡೆ ಮಲಂಗಸಾಬ, ಇಕ್ಬಾಲ್ ಬೇಗಂ, ಗೋಡೆಗೆ ಒರಗಿ ಕಾಮ್ರಾನ. ಇನ್ನೊಂದು ಕಡೆ ನಾವು. ನಡುವೆ ಆಮಿರ್, ಕಾಲು ಮಡಚಿ ಕೂತು ಗಲ್ಲಕ್ಕೆ ಕೈ ಕೊಟ್ಟಿದ್ದ. ಒಳಗಿನಿಂದ ತಹರಿ ಎಂಬ ಮಸಾಲೆ ಅನ್ನದ ವಾಸನೆ ಬರುತ್ತಿತ್ತು. ಮೊದಲು ಕತೆ, ಆಮೇಲೆ ಊಟ, ಊಟದ ಮೇಲೆ ಮನೆಯ ಮಾತು ಎಂದು ಮಲಂಗಸಾಬರೇ ಹೇಳಿದರು. ಎರಡೂ ಒಂದೇ ಜಮಖಾನೆಯ ಮೇಲೆ ಬಂದದ್ದು ಒಳ್ಳೆಯ ಶಕುನವೆಂದೇ ನಮಗೆಲ್ಲ ಅನ್ನಿಸಿತು.

ಆಪಾ ಕತೆ ಹೇಳುವುದನ್ನು ನೀವು ಕೇಳಬೇಕಿತ್ತು. ಗಂಡಿನ ಗುಣವನ್ನು ಹೆಣ್ಣಿನವರಿಗೆ, ಹೆಣ್ಣಿನ ಗುಣವನ್ನು ಗಂಡಿನವರಿಗೆ ಹೇಳಿ ಹೇಳಿ ಪಳಗಿದ ಬಾಯಿ ಅದು. ಮಗಳ ಮಾತು ಬಂದಲ್ಲೆಲ್ಲ ಅಲ್ಫಿಯಾ ಫೋನು ನೋಡಿ ಓದುತ್ತಿದ್ದಳು. ಮಗಳ ಮಾತೇನು, "ಹೂಂ ಅಮ್ಮಿ", "ಬಂದೆ ಅಮ್ಮಿ", "ಚಹಾ ತರ್ಲೇನು ಅಮ್ಮಿ", ಇಷ್ಟೇ. ಬೀಗರು ಚಹಾ ಹೊಗಳಿದಾಗ ಮಲಂಗಸಾಬರು ತೊಡೆ ತಟ್ಟಿ ನಕ್ಕರು, ಅವರೂ ಎಲ್ಲೋ ಹಾಗೆ ಹೊಗಳಿ ಬಂದಿದ್ದರು ಅನ್ನಿಸುತ್ತದೆ. ಕೊನೆಯಲ್ಲಿ ಒಂದು ಒಳ್ಳೆಯ ಮನೆಯವರು ಬಂದು ಹೂಂ ಅನ್ನುತ್ತಾರೆ, ತಾಯಿ ಕಣ್ಣೊರೆಸಿಕೊಳ್ಳುತ್ತಾಳೆ, ಕತೆ ಮುಗಿಯುತ್ತದೆ. ಇಕ್ಬಾಲ್ ಬೇಗಂ ನಿಜವಾಗಿಯೂ ಕಣ್ಣೊರೆಸಿಕೊಂಡರು.

ಆಮಿರ್ ಗಲ್ಲದ ಕೈ ತೆಗೆದ. ಆಮೇಲೆ, "ಖಾಲಾ, ಭಾಳ ಛಂದ ಅದ" ಅಂದ. "ಒಂದ ಕೇಳ್ತೀನಿ. ತಾಯಿಗೆ ಏನ ಬೇಕು ಗೊತ್ತಾತು. ಬಂದವರಿಗೆ ಏನ ಬೇಕು ಗೊತ್ತಾತು. ಹುಡುಗಿಗೆ ಏನ ಬೇಕು?"

"ಮದುವಿ ಬೇಕಲ್ಲಪ್ಪ. ಮತ್ತೇನ ಬೇಕಾಗ್ತದ?"

"ಎಲ್ಲೂ ಅಂದಿಲ್ಲ ಆಕಿ." ಅವನು ಅಲ್ಫಿಯಾಳ ಕಡೆ ತಿರುಗಿದ. ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. "ನೀವ ಓದಿದ್ರಲ್ಲ ಆಕಿ ಮಾತು. ಕಡೀ ಸೀನಿನ್ಯಾಗ ಆಕಿ ಏನಾರ ಅಂದ್ರ ಏನಂತಾಳ?"

ಅಲ್ಫಿಯಾ ಫೋನನ್ನು ಮಡಿಲಲ್ಲಿ ಇಟ್ಟಳು. ಆಮೇಲೆ ಹೇಳಿದಳು: "ನಕ್ಕೋ."

ದಖನಿಯಲ್ಲಿ ಬೇಡ ಎನ್ನುವುದಕ್ಕೆ ಇರುವ ಮಾತು ಅದು. ಕಲಬುರಗಿಯಲ್ಲಿ ಹುಟ್ಟಿದವರಿಗೆ ಇದಕ್ಕೆ ಅರ್ಥ ಹೇಳಬೇಕಾಗಿಲ್ಲ. ಮಕ್ಕಳು ಊಟಕ್ಕೆ ನಕ್ಕೋ ಅನ್ನುತ್ತವೆ, ತರಕಾರಿ ಕೊಳ್ಳುವವರು ಕೊಳೆತ ಟೊಮೆಟೊಗೆ ನಕ್ಕೋ ಅನ್ನುತ್ತಾರೆ. ಸಂಬಂಧದ ಮಾತಿಗೆ ಸೇರಿದವರ ಎದುರು ಜಮಖಾನೆಯ ಮೇಲೆ ಕೂತು ಯಾರೂ ಅನ್ನುವುದಿಲ್ಲ.

"ಹುಡುಗ ಒಳ್ಳೆಯವನ ಇದ್ದಾನ" ಅಂದಳು ಅಲ್ಫಿಯಾ. "ಮನಿಯವರೂ ಒಳ್ಳೆಯವರು. ಆದ್ರ ಆಕಿಗೆ ಬ್ಯಾಡ. ಆಕಿಗೆ ತನ್ನ ಕೆಲಸ ಬೇಕು, ತನ್ನ ಊರು ಬೇಕು, ಸಾಕಷ್ಟು ಅದ. ಯಾರ ಮ್ಯಾಲೂ ಸಿಟ್ಟಿಲ್ಲ ಆಕಿಗೆ."

ಕಾಮ್ರಾನ ಜಮಖಾನೆಯ ಅಂಚಿನ ದಾರವನ್ನು ಎಳೆಯುತ್ತ ಕೂತ. ಇಕ್ಬಾಲ್ ಬೇಗಂ ಆಪಾನನ್ನು ನೋಡಿದರು, ಮಲಂಗಸಾಬರೂ ನೋಡಿದರು, ನಾವೆಲ್ಲರೂ ನೋಡಿದೆವು. ಆಪಾನಿಗೆ ದಾರಿ ತೆರೆದೇ ಇತ್ತು. ಅದು ಕತೆಯ ಹುಡುಗಿ ಅಂದದ್ದು, ನನ್ನ ಮಗಳಲ್ಲ ಎಂದು ನಕ್ಕುಬಿಟ್ಟಿದ್ದರೆ ಎಲ್ಲರೂ ನಗುತ್ತಿದ್ದರು, ತಹರಿ ಬಡಿಸುತ್ತಿದ್ದರು, ಸಂಬಂಧವೂ ಉಳಿಯುತ್ತಿತ್ತು, ಸಿನಿಮಾವೂ ಉಳಿಯುತ್ತಿತ್ತು. ಇದಕ್ಕಿಂತ ಎಷ್ಟೋ ಕೆಟ್ಟ ಸಂಕಟಗಳಿಂದ ಅವರು ಮಾತಿನಿಂದಲೇ ಪಾರಾದದ್ದನ್ನು ನಾನು ಗೋಡೆಯಾಚೆ ಕೇಳಿದ್ದೇನೆ. ಹಾಗೇ ಅನ್ನಲಿ ಎಂದು ನಾನೂ ಮನಸ್ಸಿನಲ್ಲೇ ಬೇಡಿಕೊಂಡೆ. ನನಗೆ ಅಲ್ಲಿ ಕೂಡಲಾಗುತ್ತಿರಲಿಲ್ಲ.

ಆಪಾ ಮಗಳ ಮುಖವನ್ನು ಎಂದೂ ನೋಡಿರದವರಂತೆ ನೋಡಿದರು. ಆಮೇಲೆ ಸೆರಗು ಸರಿಮಾಡಿಕೊಂಡು ಮಲಂಗಸಾಬರ ಕಡೆ ತಿರುಗಿದರು.

"ಭಾಯಿಸಾಬ, ಇದು ಕತಿ ಮಾತಲ್ಲ. ನನ್ನ ಮಗಳಿಗೆ ಈ ಸಂಬಂಧ ಬ್ಯಾಡ. ನಿಮ್ಮಲ್ಲಿ ಏನೂ ಕೊರತಿ ಇಲ್ಲ. ಆಕಿಗೆ ಬ್ಯಾಡ, ಅಷ್ಟ."

ತುಪ್ಪ ಇಲ್ಲ, ದೇವರ ಹೆಸರಿಲ್ಲ, ಮಾವನಿಲ್ಲ. ಈ ಹೆಂಗಸಿನ ನೆರೆಯವಳು ನಾನು ಎಂದು ಅಂದು ಹೆಮ್ಮೆಪಟ್ಟಷ್ಟು ಯಾವತ್ತೂ ಪಟ್ಟಿಲ್ಲ.

ಇಕ್ಬಾಲ್ ಬೇಗಂ ಎದ್ದು ಒಳಗೆ ಹೋದರು. ನಾವು ಹೊರಡುವವರೆಗೂ ಹೊರಗೆ ಬರಲಿಲ್ಲ. ಇವತ್ತಿಗೂ ಆಪಾ ಎದುರಾದರೆ ಅವರು ರಸ್ತೆಯ ಆ ಕಡೆ ಹೋಗುತ್ತಾರೆ, ಅವರದೂ ತಪ್ಪಲ್ಲ. ಮಲಂಗಸಾಬರು ಗಡ್ಡ ನೀವಿಕೊಂಡರು. ಕೊನೆಗೆ ಅಂದರು, "ಊಟ ಆರ್ಲಾಕತ್ತದ, ಏಳ್ರಿ. ಬ್ಯಾಡ ಅಂದವರು ಉಪವಾಸ ಹೋಗಬೇಕಂತ ಎಲ್ಲೂ ಬರದಿಲ್ಲ." ಕಾಮ್ರಾನನೇ ನೀರು ತಂದು ಕೈಗೆ ಹಾಕಿದ. ನಾವು ತಲೆತಗ್ಗಿಸಿ ಉಂಡೆವು. ತಹರಿ ಚೆನ್ನಾಗಿತ್ತು, ಆದರೆ ಹೊಗಳುವ ಧೈರ್ಯ ಯಾರಿಗೂ ಆಗಲಿಲ್ಲ.

ಬಾಗಿಲಲ್ಲಿ ಆಮಿರ್ ಆಪಾನನ್ನು ತಡೆದು ನಿಲ್ಲಿಸಿದ. "ಖಾಲಾ, ಈಗ ಆದದ್ದು ಬರದು ಕೊಡ್ರಿ. ಅದ ಇದ್ರ ನಾ ತಗೋತೀನಿ." ನನಗೆ ತಲೆ ಕೆಟ್ಟುಹೋಯಿತು. ಒಬ್ಬನ ಗಡ್ಡಕ್ಕೆ ಬೆಂಕಿ ಹತ್ತಿದರೆ ಇನ್ನೊಬ್ಬ ಬೀಡಿ ಹಚ್ಚಿಕೊಳ್ಳಲು ಬಂದನಂತೆ, ಹಾಗಾಯಿತು ಇದು. ನಾನು ಏನೋ ಅನ್ನಲು ಹೋದೆ, ದೇವೀಂದ್ರಪ್ಪ ಸರ್ ನನ್ನ ಕಡೆ ನೋಡಿ ಬೇಡ ಎಂದು ತಲೆಯಾಡಿಸಿದರು. ಆಪಾ ಅವನಿಗೆ ನೋಡೋಣ ಅಂದರು.

ಮುಂದಿನದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಆಮಿರ್ ಆ ಸಿನಿಮಾ ಕೊಂಡ. ಈ ಚಳಿಗಾಲದಲ್ಲಿ ಕೋಟೆಯ ಹತ್ತಿರದ ಗಲ್ಲಿಯಲ್ಲೂ ಕಮಲಾಪುರದ ಇನ್ನೊಬ್ಬರ ತೋಟದಲ್ಲೂ ಚಿತ್ರೀಕರಣ ನಡೆಯುತ್ತಿದೆ. ಕಥೆ, ಚಿತ್ರಕಥೆ ಎಂಬಲ್ಲಿ ಆಪಾನ ಹೆಸರಿದೆ, ಪಕ್ಕದಲ್ಲಿ ಅಲ್ಫಿಯಾಳದ್ದೂ ಇರಬೇಕೆಂದು ಆಪಾ ಹಟ ಹಿಡಿದು ಹಾಕಿಸಿದ್ದಾರೆ. ಸಂಬಂಧ ಕೂಡಿಸುವುದನ್ನೂ ಬಿಟ್ಟಿಲ್ಲ. ಹೆಣ್ಣಿನ ತಾಯಿ ತಂದೆ ಜೊತೆ ಮಾತಾಡುವ ಮೊದಲು ಈಗ ಹುಡುಗಿಯನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡು ಕೇಳುತ್ತಾರೆ. ಇದರಿಂದ ವ್ಯಾಪಾರ ಸ್ವಲ್ಪ ಇಳಿದಿದೆ, ಅವರಿಗೆ ಅದರ ಚಿಂತೆ ಇದ್ದ ಹಾಗೆ ಕಾಣುವುದಿಲ್ಲ.

ಆದರೆ ಅಂದು ಕಮಲಾಪುರದಿಂದ ಹಿಂದಿರುಗುವ ಬಸ್ಸಿನಲ್ಲಿ ಇದಾವುದೂ ನಮಗೆ ಗೊತ್ತಿರಲಿಲ್ಲ. ಸಂಬಂಧವಂತೂ ಹೋಗಿತ್ತು, ಸಿನಿಮಾದ ಮಾತು ಎತ್ತುವ ಮನಸ್ಸು ಯಾರಿಗೂ ಇರಲಿಲ್ಲ, ಎರಡೂ ಕಳೆದುಕೊಂಡವರ ಹಾಗೆ ಕೂತಿದ್ದೆವು. ನಾನು ಅವರಿಬ್ಬರ ಹಿಂದಿನ ಸೀಟಿನಲ್ಲಿದ್ದೆ. ಊರು ದಾಟಿ ತೊಗರಿ ಹೊಲಗಳು ಶುರುವಾದ ಮೇಲೆ ಆಪಾ ಮಾತು ತೆಗೆದರು.

"ಬ್ಯಾಡಾಗಿದ್ರ ಇಷ್ಟ ವರ್ಷ ಟ್ರೇ ಹಿಡ್ಕೊಂಡು ಯಾಕ ಬಂದಿ?"

"ನೀ ಕರದಿ. ಬಂದೆ."

"ನಾ ಕೇಳಿಲ್ಲೇನು? ಪ್ರತಿ ಸಲ ಕೇಳೀನಿ. ಹುಡುಗ ಹ್ಯಾಂಗಿರಬೇಕು ಹೇಳು ಅಂತ."

"ಹ್ಯಾಂಗಿರಬೇಕು ಅಂತ ಕೇಳಿದಿ ಅಮ್ಮಿ. ಬೇಕೇನು ಅಂತ ಕೇಳಲಿಲ್ಲ."

ಆಪಾ ಮುಖವನ್ನು ಕಿಟಕಿಯ ಕಡೆ ತಿರುಗಿಸಿದರು. ಅವರ ಭುಜ ಅಲುಗುತ್ತಿದ್ದುದು ಬಸ್ಸಿನ ಕುಲುಕಾಟಕ್ಕಲ್ಲ. ಅಲ್ಫಿಯಾ ತಾಯಿಯ ಕೈಯನ್ನು ಹಿಡಿದುಕೊಂಡಳು, ಅವರೂ ಬಿಡಿಸಿಕೊಳ್ಳಲಿಲ್ಲ. ಮಹಾಗಾಂವ ಕ್ರಾಸಿನಲ್ಲಿ ಬಸ್ಸು ನಿಂತು, ಜನ ಇಳಿದು, ಮತ್ತೆ ಹೊರಟ ಮೇಲೆ ಆಪಾ ಕಣ್ಣೊರೆಸಿಕೊಂಡು ನೆಟ್ಟಗೆ ಕೂತರು.

"ಈಗ ಅಂದಿಯಲ್ಲ, ಆ ಮಾತು ಫೋನಿನ್ಯಾಗ ಬರ್ಕೊ. ನಾ ಮರತೇನು."

ಅಲ್ಫಿಯಾ ತಾಯಿಯನ್ನು ನೋಡಿದಳು. ನಗಬೇಕೋ ಅಳಬೇಕೋ ಅವಳಿಗೆ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಫೋನು ತೆಗೆದು ಬರೆದುಕೊಂಡಳು. ಬರೆದು, "ಇದಕ್ಕ ತಾಯಿ ಏನಂತಾಳ ಅಮ್ಮಿ?" ಎಂದು ಕೇಳಿದಳು.

ಯಾವ ಮಾತಿಗೂ ಉತ್ತರ ಇಟ್ಟುಕೊಂಡೇ ಇರುತ್ತಿದ್ದ ಹೆಂಗಸು ಬಹಳ ಹೊತ್ತು ಯೋಚಿಸಿದರು.

"ಏನೂ ಅನ್ನಲ್ಲ," ಅಂದರು. "ಆಕಿ ಹತ್ರ ಉತ್ತರ ಇಲ್ಲ. ಅಲ್ಲಿ ಖಾಲಿ ಬಿಡು."

ಅಲ್ಫಿಯಾ ಖಾಲಿ ಬಿಟ್ಟಳು.